ಗೆರೆಯ ಆಚೆ, ಗೆರೆಯ ಈಚೆ: ಡೆಟ್ರಾಯಿಟ್‌ನ ಜನ ಎಲ್ಲಿಗೆ ಹೋದರು?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ದೊಡ್ಡ ಊರುಗಳಲ್ಲಿ ಜನ ಹೇಗೆ ಹೆಚ್ಚಾಗುತ್ತಾರೆ, ಹೇಗೆ ಕಡಿಮೆಯಾಗುತ್ತಾರೆ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ವಿಷಯ ತುಂಬಾ ದೊಡ್ಡದು. ನನಗೆ ಹತ್ತಿರದಿಂದ ಗೊತ್ತಿರುವ ಒಂದು ಊರನ್ನು ಹಿಡಿದುಕೊಂಡು ಹೊರಡುತ್ತೇನೆ. ಬೇರೆ ಊರುಗಳು ದಾರಿಯಲ್ಲಿ ಸಿಗುತ್ತವೆ.

ಹತ್ತೊಂಬತ್ತು ವರ್ಷ ನಾನು ಡೆಟ್ರಾಯಿಟ್‌ನಲ್ಲಿದ್ದೆ. ನಮ್ಮಮ್ಮ ಕೇಳಿದವರಿಗೆಲ್ಲ ಹಾಗೇ ಹೇಳುತ್ತಿದ್ದರು, "ಮಗ ಡೆಟ್ರಾಯಿಟ್‌ನಲ್ಲಿದ್ದಾನೆ" ಅಂತ. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಅಷ್ಟು ವರ್ಷದಲ್ಲಿ ಆ ಊರಿನೊಳಗೆ ನಾನು ಒಂದು ರಾತ್ರಿಯೂ ಮಲಗಿಲ್ಲ. ನನ್ನ ಮನೆ ಇದ್ದದ್ದು ನೋವೈ ಅನ್ನುವ ಊರಲ್ಲಿ. ಕಾರಿನಲ್ಲಿ ಹೊರಟರೆ ಡೆಟ್ರಾಯಿಟ್‌ಗೆ ಸುಮಾರು ಅರ್ಧ ಗಂಟೆ. ಅಲ್ಲಿ ಪಂಪ ಕನ್ನಡ ಕೂಟ ಅಂತ ನಮ್ಮ ಕೂಟ ಇದೆ. ಅಲ್ಲಿ ಸಿಗುತ್ತಿದ್ದ ಸ್ನೇಹಿತರದ್ದೂ ಇದೇ ಕಥೆ. ಒಬ್ಬರು ಟ್ರಾಯ್, ಇನ್ನೊಬ್ಬರು ಕ್ಯಾಂಟನ್, ಮತ್ತೊಬ್ಬರು ಫಾರ್ಮಿಂಗ್ಟನ್ ಹಿಲ್ಸ್. ಯುಗಾದಿಗೆ ಹೋಳಿಗೆ ತಿನ್ನಲು ನೂರಾರು ಜನ ಸೇರುತ್ತಿದ್ದೆವು. ನನಗೆ ಪರಿಚಯವಿದ್ದವರಲ್ಲಿ ಡೆಟ್ರಾಯಿಟ್ ಊರೊಳಗೆ ಮನೆ ಮಾಡಿದವರು ಒಬ್ಬರೂ ಇರಲಿಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಊರಿನ ಜನಸಂಖ್ಯೆ ಅಂದರೆ ಒಂದು ಗೆರೆಯೊಳಗೆ ಎಷ್ಟು ಜನ ಮಲಗುತ್ತಾರೆ ಅನ್ನುವ ಲೆಕ್ಕ. ಆ ಗೆರೆಯನ್ನು ಯಾರು ಎಳೆದರು, ಯಾವಾಗ ಎಳೆದರು, ಯಾರಿಗೆ ದಾಟಲು ಬಿಟ್ಟರು, ಯಾರಿಗೆ ಬಿಡಲಿಲ್ಲ? ಇದನ್ನು ಕೇಳದೆ ಬರೀ ಅಂಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ.

ಮೊದಲು ಅಂಕಿ ನೋಡೋಣ. 1910ರಲ್ಲಿ ಡೆಟ್ರಾಯಿಟ್‌ನಲ್ಲಿ 4 ಲಕ್ಷದ 66 ಸಾವಿರ ಜನ ಇದ್ದರು. 1930ರ ಹೊತ್ತಿಗೆ 15 ಲಕ್ಷದ 68 ಸಾವಿರ. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. ಕಾರಣ ಕಾರು. 1913ರಲ್ಲಿ ಹೆನ್ರಿ ಫೋರ್ಡ್ ಅವರ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರು ಸಾಲಿನಲ್ಲಿ ಚಲಿಸುತ್ತಾ ಜೋಡಣೆಯಾಗುವ ಪದ್ಧತಿ ಶುರುವಾಯಿತು. ಮರುವರ್ಷ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಕೂಲಿ ಅಂತ ಘೋಷಣೆ ಆಯಿತು. ಆವತ್ತಿಗೆ ಅದು ದೊಡ್ಡ ಮೊತ್ತ. ಪೋಲೆಂಡಿನಿಂದ, ಇಟಲಿಯಿಂದ, ದಕ್ಷಿಣದ ರಾಜ್ಯಗಳ ಹತ್ತಿ ಹೊಲಗಳಿಂದ ಜನ ರೈಲು ಹತ್ತಿ ಬಂದರು. ದಕ್ಷಿಣದಿಂದ ಬಂದವರಲ್ಲಿ ಕರಿಯ ಜನ ಬಹಳ. 1910ರಲ್ಲಿ ಊರಲ್ಲಿ ಅವರ ಸಂಖ್ಯೆ 6 ಸಾವಿರದೊಳಗಿತ್ತು. 1930ಕ್ಕೆ 1 ಲಕ್ಷ 20 ಸಾವಿರ, 1950ಕ್ಕೆ 3 ಲಕ್ಷ.

1950ರ ಗಣತಿಯಲ್ಲಿ ಡೆಟ್ರಾಯಿಟ್ 18 ಲಕ್ಷದ 49 ಸಾವಿರ ಮುಟ್ಟಿತು. ಅದೇ ಶಿಖರ. 2020ರಲ್ಲಿ 6 ಲಕ್ಷದ 39 ಸಾವಿರ. ಮೂವರಲ್ಲಿ ಇಬ್ಬರು ಇಲ್ಲ.

ಹೀಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಊರು ಸತ್ತುಹೋಯಿತು ಅಂತ ಪತ್ರಿಕೆಗಳು ಎಷ್ಟೋ ಸಲ ಬರೆದವು. ಮುರಿದ ಕಿಟಕಿಗಳ ಫೋಟೊ ತೆಗೆಯಲು ದೂರದೂರದಿಂದ ಜನ ಬಂದರು. ಈಗ ಇನ್ನೊಂದು ಲೆಕ್ಕ ಕೇಳಿ. ಡೆಟ್ರಾಯಿಟ್ ಇರುವುದು ವೇಯ್ನ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ. ಪಕ್ಕದಲ್ಲಿ ಓಕ್‌ಲ್ಯಾಂಡ್ ಮತ್ತು ಮಕೋಂಬ್ ಕೌಂಟಿಗಳಿವೆ. ಈ ಮೂರನ್ನೂ ಸೇರಿಸಿದರೆ 1950ರಲ್ಲಿ 30 ಲಕ್ಷ ಜನ. 2020ರಲ್ಲಿ ಸುಮಾರು 39 ಲಕ್ಷದ 50 ಸಾವಿರ. ಅಂದರೆ ಆ ಸೀಮೆಯಲ್ಲಿ ಜನ ಜಾಸ್ತಿಯಾದರು! ಓಕ್‌ಲ್ಯಾಂಡ್ ಒಂದೇ 4 ಲಕ್ಷದಿಂದ 12 ಲಕ್ಷದ 74 ಸಾವಿರಕ್ಕೆ ಬೆಳೆಯಿತು. ನಾನಿದ್ದ ನೋವೈ ಇರುವುದು ಅಲ್ಲೇ. ಊರಿನ ಅಂಕಿ ಬಿದ್ದದ್ದು ಜನ ಗೆರೆ ದಾಟಿದ್ದಕ್ಕೆ. ಡೆಟ್ರಾಯಿಟ್‌ನ ಉತ್ತರದ ಗೆರೆಗೆ ಒಂದು ಹೆಸರೂ ಇದೆ: ಏಟ್ ಮೈಲ್ ರೋಡ್. ನೋಡಲು ಅಗಲವಾದ, ಸಾಧಾರಣ ರಸ್ತೆ. ಎರಡೂ ಕಡೆ ಪೆಟ್ರೋಲ್ ಬಂಕು, ಗ್ಯಾರೇಜು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಬಿಡಿಸಬೇಕು. ನಾನು ಅಲ್ಲಿಗೆ ಹೋದ ಹೊಸತರಲ್ಲಿ ಆಫೀಸಿನಲ್ಲಿ ಯಾರನ್ನು ಕೇಳಿದರೂ, "1967ರಲ್ಲಿ ಗಲಾಟೆ ಆಯ್ತು, ಜನ ಓಡಿಹೋದರು" ಅನ್ನುತ್ತಿದ್ದರು. 1967ರ ಜುಲೈನಲ್ಲಿ ದೊಡ್ಡ ದಂಗೆ ಆದದ್ದು ನಿಜ. 43 ಜನ ಸತ್ತರು. ಆದರೆ 1950ರಿಂದ 1960ರೊಳಗೇ ಊರು 1 ಲಕ್ಷದ 80 ಸಾವಿರ ಜನರನ್ನು ಕಳೆದುಕೊಂಡಾಗಿತ್ತು. ದಂಗೆಗೆ ಏಳು ವರ್ಷ ಮುಂಚೆ! ಕಾರ್ಖಾನೆಗಳು ಅದಕ್ಕೂ ಮೊದಲೇ ಕಾಲು ಕಿತ್ತಿದ್ದವು. ಹಳೆಯ ಕಾರ್ಖಾನೆಗಳು ಊರ ಮಧ್ಯೆ ಮೂರು ನಾಲ್ಕು ಮಹಡಿಯವು. ಹೊಸ ಯಂತ್ರಗಳಿಗೆ ನೆಲಮಟ್ಟದ ಉದ್ದನೆಯ ಶೆಡ್ಡು ಬೇಕಿತ್ತು. ಅಷ್ಟು ಅಗ್ಗದ ಜಾಗ ಸಿಗುತ್ತಿದ್ದದ್ದು ಹೊರಗೆ. 1956ರಲ್ಲಿ ಪ್ಯಾಕರ್ಡ್ ಕಂಪನಿ ಡೆಟ್ರಾಯಿಟ್‌ನಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸಿತು. ಅದೇ ವರ್ಷ ಕೇಂದ್ರ ಸರ್ಕಾರದ ಹೆದ್ದಾರಿ ಕಾಯ್ದೆ ಬಂತು. ನೂರು ಡಾಲರ್ ಖರ್ಚಿನಲ್ಲಿ ತೊಂಬತ್ತನ್ನು ಕೇಂದ್ರವೇ ಕೊಡುತ್ತದೆ ಅಂದಮೇಲೆ ಯಾವ ರಾಜ್ಯ ಬೇಡ ಅನ್ನುತ್ತದೆ? ಡೆಟ್ರಾಯಿಟ್‌ನಲ್ಲಿ ಹೇಸ್ಟಿಂಗ್ಸ್ ಸ್ಟ್ರೀಟ್ ಅನ್ನುವ ಬೀದಿ ಇತ್ತು. ಕರಿಯ ಜನರ ಅಂಗಡಿ, ಹೋಟೆಲು, ಸಂಗೀತದ ಕ್ಲಬ್ಬು, ಡಾಕ್ಟರ ಶಾಪು ಎಲ್ಲ ಅಲ್ಲೇ. ಅದರ ಮೇಲೆಯೇ ಕ್ರೈಸ್ಲರ್ ಹೆದ್ದಾರಿ ಹಾದುಹೋಯಿತು. ಬೀದಿಯ ಬಹುಪಾಲು ಇಲ್ಲವಾಯಿತು.

ಸರಿ, ರಸ್ತೆ ಬಂತು, ಹೊರಗೆ ಕೆಲಸ ಬಂತು, ಹೊಸ ಮನೆ ಬಂತು. ಎಲ್ಲರೂ ಹೋಗಬಹುದಿತ್ತಲ್ಲ? ಹೋಗಲು ಬಿಡಲಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಏಟ್ ಮೈಲ್ ರೋಡಿನ ದಕ್ಷಿಣಕ್ಕೆ ಬರ್‌ವುಡ್ ಅನ್ನುವ ಬೀದಿಯ ಹಿಂಬದಿಯಲ್ಲಿ ಒಂದು ಗೋಡೆ ಇದೆ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಕಾಂಕ್ರೀಟ್ ಗೋಡೆ. ಆರು ಅಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದ. ಮನೆಗಳ ಹಿತ್ತಲ ನಡುವೆ ಸುಮ್ನೆ ಹಾದುಹೋಗುತ್ತದೆ. ಒಂದು ಮನೆಯವರು ಅದಕ್ಕೆ ಏಣಿ ಒರಗಿಸಿದ್ದರು, ಇನ್ನೊಬ್ಬರು ಕಸದ ಡಬ್ಬಿ ಇಟ್ಟಿದ್ದರು. ಮಕ್ಕಳು ಆಡುವ ಮೈದಾನದ ಹತ್ತಿರ 2006ರಲ್ಲಿ ಬಿಡಿಸಿದ ಬಣ್ಣದ ಚಿತ್ರಗಳಿವೆ. ಮಗಳು ಆ ಚಿತ್ರಗಳ ಮೇಲೆ ಕೈ ಆಡಿಸಿದಳು. "ಅಪ್ಪಾ, ಇದು ಯಾರ ಮನೆ ಕಾಂಪೌಂಡು?" ಅಂತ ಕೇಳಿದಳು.

ಯಾರ ಮನೆಯದೂ ಅಲ್ಲ. 1941ರಲ್ಲಿ ಒಬ್ಬ ಕಟ್ಟಡ ಗುತ್ತಿಗೆದಾರ ಅಲ್ಲಿ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟಿದ್ದ. ಮನೆ ಸಾಲಕ್ಕೆ ಜಾಮೀನು ನಿಲ್ಲುತ್ತಿದ್ದದ್ದು ಕೇಂದ್ರ ಸರ್ಕಾರದ ವಸತಿ ಇಲಾಖೆ. ಪಕ್ಕದಲ್ಲೇ ಕರಿಯರ ಬಡಾವಣೆ ಇದೆ, ಆಗುವುದಿಲ್ಲ ಅಂದರು. ಅವನು ನಡುವೆ ಗೋಡೆ ಕಟ್ಟಿಸಿದ. ಆಮೇಲೆ ಜಾಮೀನು ಸಿಕ್ಕಿತು. ಸಾಲವೂ ಸಿಕ್ಕಿತು. ಗೋಡೆ ಇನ್ನೂ ಅಲ್ಲೇ ಇದೆ. ಇದನ್ನೆಲ್ಲ ಹತ್ತು ವರ್ಷದ ಮಗುವಿಗೆ ಹೇಗೆ ಹೇಳುವುದು ಅಂತ ನನಗೆ ತಿಳಿಯಲಿಲ್ಲ. ಕಾರಿನಲ್ಲಿ ಮನೆಗೆ ಬರುವಾಗ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಅಮೆರಿಕದ ಉದ್ದಗಲಕ್ಕೂ ಆಗ ಇದೇ ಪದ್ಧತಿ. ನಕ್ಷೆಯಲ್ಲಿ ಕರಿಯರ ಬಡಾವಣೆಗೆ ಕೆಂಪು ಬಣ್ಣ. ಕೆಂಪು ಬಿದ್ದ ಕಡೆ ಸಾಲ ಸಿಗುವುದು ಕಷ್ಟ. ಮನೆಪತ್ರದಲ್ಲೇ "ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರಬಾರದು" ಅಂತ ಷರತ್ತು ಬರೆಯುತ್ತಿದ್ದರು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡಕೂಡದು ಅಂತ ಸುಪ್ರೀಂ ಕೋರ್ಟು 1948ರಲ್ಲಿ ಹೇಳಿತು. ಆ ತೀರ್ಪಿನಲ್ಲಿ ಎರಡು ಮನೆಗಳ ದಾವೆ ಒಟ್ಟಿಗೆ ಇದ್ದವು. ಒಂದು ಸೇಂಟ್ ಲೂಯಿಸ್‌ನ ಮನೆ, ಇನ್ನೊಂದು ಡೆಟ್ರಾಯಿಟ್‌ನ ಮನೆ. ಮನೆ ಮಾರಾಟ, ಬಾಡಿಗೆಯಲ್ಲಿ ಭೇದ ಮಾಡಬಾರದು ಅನ್ನುವ ಕಾಯ್ದೆ ಬರಲು ಮತ್ತೆ 20 ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ಹೊರಗಿನ ಊರುಗಳಲ್ಲಿ ಮನೆ ಕೊಂಡವರು ಕೊಂಡಾಗಿತ್ತು. ಆ ಮನೆಗಳ ಬೆಲೆ ಏರಿತು. ಒಳಗೆ ಉಳಿದವರ ಮನೆಯ ಬೆಲೆ ಕುಸಿಯಿತು.

ಇನ್ನು ಶಾಲೆ. ಡೆಟ್ರಾಯಿಟ್‌ನ ಶಾಲೆಗಳಲ್ಲಿ ಕರಿಯ ಮಕ್ಕಳು ಬೇರೆ, ಬಿಳಿಯ ಮಕ್ಕಳು ಬೇರೆ ಅನ್ನುವ ಹಾಗಾಗಿತ್ತು. ಇದನ್ನು ಸರಿಪಡಿಸಲು ಸುತ್ತಲಿನ 53 ಶಾಲಾ ಜಿಲ್ಲೆಗಳನ್ನೂ (ಒಂದೊಂದೂ ತನ್ನ ಶಾಲೆಗಳನ್ನು ತಾನೇ ನಡೆಸುವ ಸೀಮೆ) ಸೇರಿಸಿಕೊಳ್ಳಬೇಕು ಅಂತ ಕೆಳಗಿನ ಕೋರ್ಟು ಹೇಳಿತು. 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಐದು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ. ಒಬ್ಬ ನ್ಯಾಯಾಧೀಶರ ಮತದಿಂದ ಆ ಗೆರೆ ಗಟ್ಟಿಯಾಯಿತು. ಮಕ್ಕಳಿದ್ದ ಸಂಸಾರಕ್ಕೆ ಇದರ ಅರ್ಥ ಬೇಗ ಗೊತ್ತಾಯಿತು: ರಸ್ತೆ ದಾಟಿ ಮನೆ ಮಾಡಿದರೆ ಮಗುವಿನ ಶಾಲೆ ಬೇರೆ. ಎಪ್ಪತ್ತರ ಆ ಒಂದು ದಶಕದಲ್ಲಿ ಡೆಟ್ರಾಯಿಟ್ 3 ಲಕ್ಷಕ್ಕೂ ಜಾಸ್ತಿ ಜನರನ್ನು ಕಳೆದುಕೊಂಡಿತು. ನಾನೂ ನೋವೈಯಲ್ಲಿ ಮನೆ ಮಾಡಿದ್ದು ಶಾಲೆ ಚೆನ್ನಾಗಿದೆ ಅಂತಲೇ. ನಮ್ಮವರೆಲ್ಲ ಮಾಡಿದ್ದೂ ಅದಕ್ಕೇ. ನಾವು ಗೋಡೆ ಕಟ್ಟಿದವರಲ್ಲ. ಆದರೆ ಗೋಡೆಯ ಯಾವ ಬದಿಯಲ್ಲಿ ಮನೆ ಕೊಂಡೆವು, ಆ ಬದಿ ಅಷ್ಟು ಚೆನ್ನಾಗಿರಲು ಏನು ಕಾರಣ ಅಂತ ನಮಗೆ ಗೊತ್ತಿರಬೇಕು. ಇದನ್ನು ನಾನು ಕೂಟದಲ್ಲೂ ಹೇಳಿದ್ದೇನೆ.

ಈಗ ಉಳಿದವರ ಕಡೆ ಬರೋಣ. ಡೆಟ್ರಾಯಿಟ್‌ನ ವಿಸ್ತೀರ್ಣ 139 ಚದರ ಮೈಲಿ, ಸುಮಾರು 360 ಚದರ ಕಿಲೋಮೀಟರು. ಮ್ಯಾನ್‌ಹಟನ್, ಬಾಸ್ಟನ್, ಸ್ಯಾನ್ ಫ್ರಾನ್ಸಿಸ್ಕೊ ಮೂರನ್ನೂ ಅದರೊಳಗೆ ಕೂರಿಸಬಹುದು. ಜನ ಹೋದರು ಅಂತ ಊರು ಚಿಕ್ಕದಾಗುವುದಿಲ್ಲವಲ್ಲ. ನೀರಿನ ಪೈಪು ಅಷ್ಟೇ ಉದ್ದ, ಚರಂಡಿ ಅಷ್ಟೇ ಉದ್ದ. ಒಂದು ಬೀದಿಯಲ್ಲಿ 30 ಮನೆ ಇದ್ದದ್ದು ನಾಲ್ಕಾದರೂ ಆ ನಾಲ್ಕು ಮನೆಗೆ ನೀರು ಹೋಗಬೇಕು, ಕಸದ ಗಾಡಿ ಹೋಗಬೇಕು, ಹಿಮ ಬಿದ್ದರೆ ತೆಗೆಯಬೇಕು. ಬೆಂಕಿ ಬಿದ್ದರೆ ಫೈರ್ ಎಂಜಿನ್ ಹೋಗಬೇಕು. ಖರ್ಚು ಹಾಗೇ ಉಳಿಯಿತು, ಕಂದಾಯ ಕಟ್ಟುವವರು ಹೊರಟುಹೋದರು. 30 ವರ್ಷದ ಹಿಂದೆ ದೊಡ್ಡ ಊರಿನ ನೌಕರರಾಗಿದ್ದವರ ಪಿಂಚಣಿಯನ್ನು ಈಗಿನ ಚಿಕ್ಕ ಊರು ಕೊಡಬೇಕಾಯಿತು. 2013ರ ಜುಲೈ 18ರಂದು ಡೆಟ್ರಾಯಿಟ್ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 18 ಬಿಲಿಯನ್ ಡಾಲರ್. ಆವತ್ತಿಗೆ ಬೀದಿ ದೀಪಗಳಲ್ಲಿ ನೂರಕ್ಕೆ ನಲವತ್ತು ಉರಿಯುತ್ತಿರಲಿಲ್ಲ.

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬ ಹಿರಿಯ ಹೆಂಗಸು ಕೆಲಸ ಮಾಡುತ್ತಿದ್ದರು. ಡೆಟ್ರಾಯಿಟ್‌ನ ವಾಯವ್ಯ ಮೂಲೆಯ ಬ್ರೈಟ್‌ಮೂರ್‌ನಲ್ಲಿ ಮನೆ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದರು. ಊರ ಬಸ್ಸು ಹತ್ತಿ ಊರಿನ ಗೆರೆಯ ತನಕ. ಅಲ್ಲಿ ಇಳಿದು ಹೊರಗಿನ ಊರುಗಳ ಬಸ್ಸು. ಅದು ಬೇರೆ ಸಂಸ್ಥೆ. ಆ ಬಸ್ಸೂ ಫಾರ್ಮಿಂಗ್ಟನ್ ಹಿಲ್ಸ್ ತನಕ ಅಷ್ಟೇ. ಮುಂದಿನ ಊರು ನೋವೈ. ಬಸ್ಸಿಗೆ ತೆರಿಗೆ ಕೊಡುವುದಿಲ್ಲ, ಬಸ್ಸೂ ಬೇಡ ಅಂತ ಹೊರಗುಳಿಯಲು ಆಗ ಊರುಗಳಿಗೆ ಅವಕಾಶ ಇತ್ತು. ನೋವೈ ಹಾಗೆ ಹೊರಗುಳಿದಿತ್ತು. ಉಳಿದ ದಾರಿಗೆ ಯಾರಾದರೂ ಸಹೋದ್ಯೋಗಿ ಕಾರು ನಿಲ್ಲಿಸಬೇಕು. ಇಲ್ಲದಿದ್ದರೆ ನಡೆಯಬೇಕು. ಒಂದು ದಿನ ಹಿಮದಲ್ಲಿ ಆಕೆ ನಡೆದು ಬರುತ್ತಿದ್ದದ್ದನ್ನು ನೋಡಿ ಕಾರು ನಿಲ್ಲಿಸಿದೆ. ಹಾಗೆ ಪರಿಚಯ.

ಬೇಸಿಗೆಯಲ್ಲಿ ಒಂದು ಶನಿವಾರ ಅವರ ಮನೆಗೆ ಹೋಗಿದ್ದೆ. 1920ರ ದಶಕದಲ್ಲಿ ಕಾರ್ಖಾನೆ ಕೆಲಸಗಾರರಿಗೆ ಅಂತ ಕಟ್ಟಿದ ಪುಟ್ಟ ಮರದ ಮನೆಗಳ ಬೀದಿ. ಅವರ ಮನೆಯ ಎಡಕ್ಕೆ ಎರಡು ಖಾಲಿ ಸೈಟು, ಬಲಕ್ಕೆ ಒಂದು, ಎದುರು ಸುಟ್ಟ ಮನೆ. ಆಕೆ ಮೂರೂ ಸೈಟಿನ ಹುಲ್ಲನ್ನು ತಾವೇ ಕತ್ತರಿಸುತ್ತಿದ್ದರು. ಒಂದರಲ್ಲಿ ಸೊಪ್ಪು, ಟೊಮೆಟೊ, ಬೆಂಡೆ ಹಾಕಿದ್ದರು. ಅವರ ತಾಯಿ ಅಲಬಾಮಾದಿಂದ ಬಂದವರು. ಬೆಂಡೆ ಅವರ ಮನೆಯ ಅಡುಗೆ. ನಮ್ಮದೂ ತಾನೇ? ಒಂದು ಚೀಲ ತುಂಬಾ ಕೊಟ್ಟು ಕಳಿಸಿದರು. "ನಿನ್ನದಲ್ಲದ ಜಾಗಕ್ಕೆ ಯಾಕಿಷ್ಟು ದುಡಿಯುತ್ತೀ ಅಂತ ಮಗಳು ಬೈಯುತ್ತಾಳೆ. ಹುಲ್ಲು ಬೆಳೆಯಲು ಬಿಟ್ಟರೆ ಇಲ್ಲಿ ಯಾರೂ ಇಲ್ಲ ಅಂದುಕೊಳ್ಳುತ್ತಾರೆ" ಅಂದರು. ಆಮೇಲೆ ಖಾಲಿ ಮನೆ, ಸೈಟುಗಳನ್ನು ನೋಡಿಕೊಳ್ಳುವ ಊರಿನ ಲ್ಯಾಂಡ್ ಬ್ಯಾಂಕು ಮನೆಯ ಪಕ್ಕದ ಖಾಲಿ ಸೈಟನ್ನು ಆ ಮನೆಯವರಿಗೆ 100 ಡಾಲರಿಗೆ ಮಾರಲು ಶುರುಮಾಡಿತು. ಆಕೆ ಬಲಗಡೆಯದನ್ನು ಕೊಂಡರು.

ಬೇರೆ ಊರುಗಳ ವಿಷಯಕ್ಕೆ ಬರುತ್ತೇನೆ. ಸೇಂಟ್ ಲೂಯಿಸ್ ಊರು 1876ರಲ್ಲಿ ತನ್ನ ಸುತ್ತಲಿನ ಕೌಂಟಿಯಿಂದ ಬೇರೆಯಾಯಿತು. ಹಳ್ಳಿಗಳ ಖರ್ಚನ್ನು ನಾವು ಯಾಕೆ ಹೊರಬೇಕು ಅನ್ನುವ ಯೋಚನೆ. ಆವತ್ತು ಎಳೆದ ಗೆರೆ ಇವತ್ತಿಗೂ ಹಾಗೇ ಇದೆ. 1950ರಲ್ಲಿ ಗೆರೆಯೊಳಗೆ 8 ಲಕ್ಷದ 57 ಸಾವಿರ, ಹೊರಗಿನ ಕೌಂಟಿಯಲ್ಲಿ 4 ಲಕ್ಷ. 2020ರಲ್ಲಿ ಒಳಗೆ 3 ಲಕ್ಷ, ಹೊರಗೆ 10 ಲಕ್ಷ. ಹಳ್ಳಿಗಳನ್ನು ದೂರವಿಟ್ಟ ಊರು ಕೊನೆಗೆ ತಾನೇ ಒಂಟಿಯಾಯಿತು.

ಬೆಳೆದ ಊರುಗಳಲ್ಲೂ ಗೆರೆಯದೇ ಕೆಲಸ. ಫೀನಿಕ್ಸ್ 1950ರಲ್ಲಿ 17 ಚದರ ಮೈಲಿಯ ಊರು, 1 ಲಕ್ಷದ 7 ಸಾವಿರ ಜನ. ಈಗ 500 ಚದರ ಮೈಲಿಗೂ ಜಾಸ್ತಿ, 16 ಲಕ್ಷ ಜನ. ಏರ್ ಕಂಡಿಷನರ್ ಬಂದಮೇಲೆ ಮರುಭೂಮಿಯಲ್ಲಿ ಬದುಕುವುದು ಸುಲಭವಾಯಿತು, ಕಾರ್ಖಾನೆಗಳು ಬಂದವು, ಎಲ್ಲ ನಿಜ. ಅದರ ಜೊತೆಗೆ ಹೊಸ ಬಡಾವಣೆ ಎದ್ದ ಕಡೆಗೆಲ್ಲ ಊರು ತನ್ನ ಗೆರೆಯನ್ನು ಸರಿಸುತ್ತಾ ಹೋಯಿತು. ಹ್ಯೂಸ್ಟನ್ ಕೂಡ ಹಾಗೇ ಬೆಳೆದದ್ದು. ಇಂಡಿಯಾನಾಪೊಲಿಸ್ ಅಂತೂ 1970ರ ಜನವರಿ 1ರಂದು ತನ್ನ ಕೌಂಟಿಯ ಬಹುಭಾಗವನ್ನು ಒಳಗೆ ಸೇರಿಸಿಕೊಂಡಿತು. 1960ರಲ್ಲಿ 4 ಲಕ್ಷದ 76 ಸಾವಿರ ಇದ್ದ ಊರು 1970ರ ಗಣತಿಯಲ್ಲಿ 7 ಲಕ್ಷ 40 ಸಾವಿರ ದಾಟಿತು. ಡೆಟ್ರಾಯಿಟ್‌ಗೆ ಆ ದಾರಿ ಮುಚ್ಚಿತ್ತು. 1920ರ ದಶಕದಲ್ಲೇ ಅದರ ಗೆರೆ ನಿಂತುಹೋಯಿತು. ಸುತ್ತಲೂ ಬೇರೆ ಬೇರೆ ಊರುಗಳು ತಮ್ಮ ತಮ್ಮ ಪುರಸಭೆ ಮಾಡಿಕೊಂಡು ಕೂತವು.

ಇನ್ನೊಂದು ಮಾತು. ಜನ ಕಡಿಮೆಯಾದರು ಅಂದರೆ ಯಾವಾಗಲೂ ಕೆಟ್ಟದ್ದೇ ಅಂತ ಅಂದುಕೊಳ್ಳಬೇಡಿ. ಮ್ಯಾನ್‌ಹಟನ್‌ನಲ್ಲಿ ಅತಿ ಹೆಚ್ಚು ಜನ ಇದ್ದದ್ದು 1910ರಲ್ಲಿ, 23 ಲಕ್ಷ. ಆಗ ಒಂದೊಂದು ಕೋಣೆಯಲ್ಲಿ ಒಂದು ಸಂಸಾರ. 2020ರಲ್ಲಿ ಅಲ್ಲಿ 17 ಲಕ್ಷಕ್ಕೂ ಸ್ವಲ್ಪ ಕಡಿಮೆ. ಮ್ಯಾನ್‌ಹಟನ್ ಸಾಯುತ್ತಿದೆ ಅಂತ ಯಾರಾದರೂ ಅನ್ನುತ್ತಾರಾ? ಶಿಕಾಗೊದಲ್ಲಿ ಟೂ-ಫ್ಲಾಟ್ ಅನ್ನುವ ಮನೆಗಳಿವೆ. ಕೆಳಗೆ ಒಂದು ಸಂಸಾರ, ಮೇಲೆ ಒಂದು. ಉತ್ತರ ಭಾಗದ ಬಡಾವಣೆಗಳಲ್ಲಿ ದುಡ್ಡಿದ್ದವರು ಅಂಥ ಮನೆ ಕೊಂಡು ಎರಡನ್ನೂ ಸೇರಿಸಿ ಒಂದೇ ಮನೆ ಮಾಡಿಕೊಳ್ಳುತ್ತಾರೆ. ಬೀದಿ ಮಿರಮಿರ ಮಿಂಚುತ್ತದೆ, ಜನಸಂಖ್ಯೆ ಇಳಿಯುತ್ತದೆ. ಅದೇ ಊರಿನ ದಕ್ಷಿಣ, ಪಶ್ಚಿಮ ಭಾಗಗಳಲ್ಲಿ ಕರಿಯ ಸಂಸಾರಗಳು ಮನೆ ಖಾಲಿ ಮಾಡಿ ಹೊರಗಿನ ಊರುಗಳಿಗೆ, ಅಜ್ಜ ಅಜ್ಜಿ ಬಿಟ್ಟು ಬಂದ ದಕ್ಷಿಣದ ರಾಜ್ಯಗಳಿಗೆ ಹೋಗುತ್ತಿದ್ದಾರೆ. 1980ರಲ್ಲಿ ಶಿಕಾಗೊದಲ್ಲಿ ಸುಮಾರು 12 ಲಕ್ಷ ಕರಿಯ ಜನ ಇದ್ದರು. 2020ರಲ್ಲಿ 8 ಲಕ್ಷಕ್ಕಿಂತ ಕಡಿಮೆ. ಒಂದೇ ಊರು, ಒಂದೇ ಇಳಿಕೆ. ಹಿಂದಿರುವ ಕಾರಣಗಳಿಗೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಹ್ಯಾಮ್‌ಟ್ರ್ಯಾಮಿಕ್ ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಎರಡು ಚದರ ಮೈಲಿಯ ಪುಟ್ಟ ಊರು, ಬಹುಪಾಲು ಡೆಟ್ರಾಯಿಟ್‌ನಿಂದ ಸುತ್ತುವರಿದಿದೆ. ಹಿಂದೆ ಪೋಲೆಂಡಿನವರ ಊರು, 1930ರಲ್ಲಿ 56 ಸಾವಿರ ಜನ. 2010ಕ್ಕೆ 22 ಸಾವಿರಕ್ಕೆ ಇಳಿದಿತ್ತು. ಆಮೇಲೆ ಬಾಂಗ್ಲಾದೇಶದವರು, ಯೆಮೆನ್‌ನವರು ಬಂದು ಹಳೆಯ ಮನೆಗಳನ್ನು ಕೊಂಡು ರಿಪೇರಿ ಮಾಡಿಕೊಂಡರು. 2020ಕ್ಕೆ 28 ಸಾವಿರ. ನಾನು ಮೀನು, ಹಾಗಲಕಾಯಿ ತರಲು ಕಾನಂಟ್ ಅವೆನ್ಯೂಗೆ ಹೋಗುತ್ತಿದ್ದೆ. ಅಂಗಡಿ ಮುಂದೆ ಲುಂಗಿ ಉಟ್ಟ ಅಜ್ಜಂದಿರು, ಹಿತ್ತಲ ಚಪ್ಪರದಲ್ಲಿ ಸೋರೆ ಬಳ್ಳಿ. ಕೂಗಳತೆ ದೂರದಲ್ಲಿ ಡೆಟ್ರಾಯಿಟ್‌ನ ಖಾಲಿ ಬೀದಿಗಳು. ಅದೇ ಮಣ್ಣು, ಅದೇ ಹವೆ, ಅದೇ ಕಾಲದ ಮನೆಗಳು.

ಡೆಟ್ರಾಯಿಟ್‌ನಲ್ಲೂ ಗಾಳಿ ಸ್ವಲ್ಪ ತಿರುಗಿದೆ. 2016ರ ಕೊನೆಗೆ 65 ಸಾವಿರ ಹೊಸ ಬೀದಿ ದೀಪ ಹಾಕಿ ಮುಗಿಸಿದರು. 1988ರಲ್ಲಿ ಕೊನೆಯ ರೈಲು ಹೊರಟಮೇಲೆ ಪಾಳುಬಿದ್ದಿದ್ದ ಮಿಷಿಗನ್ ಸೆಂಟ್ರಲ್ ನಿಲ್ದಾಣವನ್ನು ಫೋರ್ಡ್ ಕಂಪನಿ ಕೊಂಡು ದುರಸ್ತಿ ಮಾಡಿ 2024ರ ಜೂನ್‌ನಲ್ಲಿ ಜನರಿಗೆ ತೆರೆಯಿತು. ಅದೇ ವರ್ಷ ಗಣತಿ ಇಲಾಖೆಯ ಅಂದಾಜು ಬಂತು: 2023ರ ಜುಲೈಗೆ 6 ಲಕ್ಷದ 33 ಸಾವಿರ. ಹಿಂದಿನ ವರ್ಷಕ್ಕಿಂತ 1,852 ಜನ ಜಾಸ್ತಿ. 1957ರಿಂದ ಈಚೆಗೆ ಮೊದಲ ಏರಿಕೆ! ನಮ್ಮನ್ನು ಕಡಿಮೆ ಎಣಿಸುತ್ತಿದ್ದೀರಿ ಅಂತ ಊರು ಅದಕ್ಕೆ ಮೊದಲು ಕೋರ್ಟಿಗೂ ಹೋಗಿತ್ತು. ಕೆಡವಿದ ಮನೆ ಲೆಕ್ಕಕ್ಕೆ ಬರುತ್ತದೆ, ರಿಪೇರಿ ಮಾಡಿ ಮತ್ತೆ ಸಂಸಾರ ಹೂಡಿದ ಮನೆ ಬರುವುದಿಲ್ಲ ಅನ್ನುವುದು ಊರಿನ ದೂರು. ಎಣಿಕೆ ಕಡಿಮೆಯಾದರೆ ಕೇಂದ್ರದಿಂದ ಬರುವ ಹಣವೂ ಕಡಿಮೆ. ಅಂಥ ಊರಿಗೆ 1,852 ಅನ್ನುವುದು ಚಿಕ್ಕ ಅಂಕಿಯಲ್ಲ.

ಬ್ರೈಟ್‌ಮೂರ್‌ನ ಆ ಅಮ್ಮ ಆ ಲೆಕ್ಕದಲ್ಲಿಲ್ಲ. ಮಂಡಿನೋವು ಜಾಸ್ತಿಯಾಗಿ 2018ರಲ್ಲಿ ಅವರು ಸೌತ್‌ಫೀಲ್ಡ್‌ನ ಮಗಳ ಮನೆಗೆ ಹೋದರು. ಏಟ್ ಮೈಲ್ ದಾಟಿದ ತಕ್ಷಣ ಸಿಗುವ ಊರು. 2020ರ ಗಣತಿಯಲ್ಲಿ ಡೆಟ್ರಾಯಿಟ್‌ಗೆ ಒಂದು ಕಡಿಮೆ, ಸೌತ್‌ಫೀಲ್ಡ್‌ಗೆ ಒಂದು ಜಾಸ್ತಿ. 2022ರ ನವೆಂಬರಿನಲ್ಲಿ ಓಕ್‌ಲ್ಯಾಂಡ್ ಕೌಂಟಿಯ ಮತದಾರರು ಬಸ್ಸಿನ ತೆರಿಗೆಗೆ ಒಪ್ಪಿಗೆ ಕೊಟ್ಟರು. ಇನ್ನು ಮುಂದೆ ನೋವೈ ಹೊರಗುಳಿಯುವ ಹಾಗಿಲ್ಲ. ಮರುವರ್ಷ ಊರಿಗೆ ಹೊರಡುವ ಮುಂಚೆ ಹೇಳಿಹೋಗಲು ಅವರ ಹತ್ತಿರ ಹೋಗಿದ್ದೆ. ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟರು.

"ನೋವೈಗೂ ಬಸ್ಸು ಆಗುತ್ತಂತೆ?" ಅಂದರು.

"ಹೌದಮ್ಮಾ" ಅಂದೆ.

"ಬೆಳಿಗ್ಗೆ ಮೊದಲನೇ ಬಸ್ಸು ಎಷ್ಟು ಗಂಟೆಗೆ ಅಂತ ವಿಚಾರಿಸಿ ಹೇಳು. ಮೊಮ್ಮಗನಿಗೆ ಅಲ್ಲೇ ಕೆಲಸ ಸಿಕ್ಕಿದೆ."